ಮಾದರಿ ರಾಕೆಟ್ ಕಿಟ್

ಮಾದರಿ ರಾಕೆಟ್ ಎಂಬುದು ಕಾಗದದ ಕೊಳವೆ, ಹಗುರವಾದ ಮರ ಹಾಗೂ ಪ್ಲಾಸ್ಟಿಕ್‌ನಿಂದ ರಚಿತವಾದ ಸಣ್ಣ ರಾಕೆಟ್. ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಪುಟ್ಟ ಎಂಜಿನ್ ಒಂದರ ಬಲದಿಂದ ಇದು ಮೇಲೇರುತ್ತದೆ. ಪ್ಯಾರಾಶೂಟಿನ ನೆರವಿನಿಂದ ಮೆಲ್ಲನೆ ಇಳಿಯುತ್ತದೆ. ಹೊಸ ಎಂಜಿನ್ ತೊಡಿಸಿದರೆ ಮತ್ತೆ ಹಾರುತ್ತದೆ. ಇಂತಹ ರಾಕೆಟ್ಟನ್ನು ಜೋಡಿಸಲು ಬೇಕಾದ ಬಿಡಿಭಾಗಗಳನ್ನೂ ಸೂಚನೆಗಳ ಹಾಳೆಯನ್ನೂ ಒಳಗೊಂಡ ಪೊಟ್ಟಣಕ್ಕೆ ಮಾದರಿ ರಾಕೆಟ್ ಕಿಟ್ ಎಂದು ಹೆಸರು. ಪ್ರದರ್ಶನಕ್ಕೆಂದು ಇಡುವ, ಹಾರದ ಪ್ರತಿಕೃತಿಗಳನ್ನೂ ರಾಕೆಟ್ ಮಾದರಿ ಎಂದು ಕರೆಯುವುದುಂಟು. ಪ್ರಸ್ತುತ ಲೇಖನ ಹಾರುವ ರಾಕೆಟ್ಟಿಗೆ ಮಾತ್ರ ಸಂಬಂಧಿಸಿದೆ.

ಈ ಹವ್ಯಾಸವು 1950ರ ದಶಕದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆರಂಭವಾಯಿತು. ಸ್ಫೋಟಕ ತುಂಬಿದ ಎಂಜಿನ್ನನ್ನು ಹವ್ಯಾಸಿಯು ಎಂದಿಗೂ ತಾನೇ ತಯಾರಿಸಬಾರದು, ಉಳಿದೆಲ್ಲವನ್ನೂ ತನ್ನ ಕೈಯಾರೆ ಮಾಡಬೇಕು ಎಂಬುದು ಇದರ ಮೂಲನಿಯಮ. ಈ ನಿಯಮ ಏಕೆ ಬಂತೆಂಬುದನ್ನು ತಿಳಿಯದೆ ಕಿಟ್‌ನ ರಚನೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ಜೋಡಣೆಯ ವಿವರಗಳಿಗೆ ಇಲ್ಲಿ ಎಸ್ಟೆಸ್ ಕಂಪನಿಯ ‘ಆಲ್ಫಾ’ ಎಂಬ ಕಿಟ್ಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. 1960ರ ದಶಕದಿಂದ ಬಳಕೆಯಲ್ಲಿರುವ ಈ ಕಿಟ್ ಅಮೆರಿಕದ ಅಸಂಖ್ಯ ಮಕ್ಕಳ ಮೊದಲ ರಾಕೆಟ್ ಆಗಿದೆ.

ಹಿನ್ನೆಲೆ

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅದರ ಬೆನ್ನಲ್ಲೇ ಅಮೆರಿಕದ ಹದಿಹರೆಯದವರಲ್ಲಿ ರಾಕೆಟ್ಟಿನ ಹುಚ್ಚು ಹರಡಿತು. ಅಂಗಡಿಯಲ್ಲಿ ಕೊಳ್ಳಲು ಸಿಗುವ ಹಾರುವ ರಾಕೆಟ್ ಆಗ ಇರಲಿಲ್ಲವೆಂದೇ ಹೇಳಬಹುದು. ಹುಡುಗರು ಕೈಗೆ ಸಿಕ್ಕ ಲೋಹದ ಕೊಳವೆಗಳಲ್ಲಿ ಮನೆಯಲ್ಲೇ ಬೆರೆಸಿದ ರಾಸಾಯನಿಕಗಳನ್ನು ತುಂಬಿ ಬೆಂಕಿ ಹಚ್ಚತೊಡಗಿದರು. ಬಾಯಿ ಕಟ್ಟಿಕೊಂಡ ಲೋಹದ ಕೊಳವೆ ರಾಕೆಟ್ ಆಗಿ ಉಳಿಯುವುದಿಲ್ಲ, ಬಾಂಬ್ ಆಗುತ್ತದೆ. ಬೆರಳು ಹಾಗೂ ಕಣ್ಣುಗಳನ್ನು ಕಳೆದುಕೊಂಡವರಿದ್ದರು, ಪ್ರಾಣ ಕಳೆದುಕೊಂಡವರೂ ಇದ್ದರು. ಇಂತಹ ಸಾಹಸಿಗಳಿಗೆ ‘ನೆಲಮಾಳಿಗೆಯ ಬಾಂಬುಗಾರರು’ ಎಂಬ ಅಡ್ಡಹೆಸರೇ ಬಿದ್ದಿತು.

ಪಶ್ಚಿಮ ವರ್ಜೀನಿಯಾದ ಕೋಲ್‌ವುಡ್ ಎಂಬ ಗಣಿ ಊರಿನ ಹೋಮರ್ ಹಿಕಮ್ ಆ ಕಾಲದ ಇಂತಹ ಹುಡುಗರಲ್ಲೊಬ್ಬ. ಮುಂದೆ ನಾಸಾದ ಎಂಜಿನಿಯರ್ ಆದ ಅವರು ಬರೆದ ‘ರಾಕೆಟ್ ಬಾಯ್ಸ್’ ಎಂಬ ನೆನಪುಗಳ ಪುಸ್ತಕ 1998ರಲ್ಲಿ ಪ್ರಕಟವಾಯಿತು. ಮರುವರ್ಷ ಅದನ್ನು ಆಧರಿಸಿದ ‘ಅಕ್ಟೋಬರ್ ಸ್ಕೈ’ ಚಲನಚಿತ್ರ ತೆರೆಕಂಡಿತು. ಅವರ ಮೊದಲ ಪ್ರಯೋಗ ಸಿಡಿದು ತಾಯಿಯ ಗುಲಾಬಿ ತೋಟದ ಬೇಲಿಯನ್ನು ಹಾರಿಸಿತ್ತು. ಆ ಕಥೆ ಸ್ಫೂರ್ತಿದಾಯಕವೇ ಸರಿ. ಆದರೆ ಬೇಲಿಯ ಬದಲು ಕೈ ಹೋಗಿದ್ದ ಹುಡುಗರು ನೆನಪುಗಳನ್ನು ಬರೆಯಲಿಲ್ಲ ಎಂಬುದನ್ನೂ ಓದುಗರು ಗಮನದಲ್ಲಿಡಬೇಕು.

ಈ ಸಮಸ್ಯೆಗೆ ಪರಿಹಾರ ಸ್ಪುಟ್ನಿಕ್‌ಗಿಂತ ಮೊದಲೇ, ಯಾರೂ ನಿರೀಕ್ಷಿಸದ ಸ್ಥಳದಲ್ಲಿ ಸಿದ್ಧವಾಗಿತ್ತು. ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಪಟ್ಟಣದಲ್ಲಿ ಪಾದರಕ್ಷೆಗಳ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ಎಂಬವರಿಗೆ ಪಟಾಕಿ ತಯಾರಿಕೆಯ ಹವ್ಯಾಸವಿತ್ತು. ಅವರ ಸಹೋದರ ರಾಬರ್ಟ್ ಮಾದರಿ ವಿಮಾನಗಳನ್ನು ಹಾರಿಸುತ್ತಿದ್ದವರು. ರಾಕೆಟ್ ಹಾರುವ ತತ್ತ್ವವನ್ನು ಜನರಿಗೆ ತೋರಿಸಲು ರಾಬರ್ಟ್‌ಗೆ ಒಂದು ಸಾಧನ ಬೇಕಾಯಿತು. 1954ರಲ್ಲಿ ಆರ್ವಿಲ್ ಕಾಗದದ ಕೊಳವೆಯ ದೇಹ, ಬಾಲ್ಸಾ ಮರದ ಬಾಲರೆಕ್ಕೆ, ಬದಲಾಯಿಸಬಹುದಾದ ಕರಿಮದ್ದಿನ ಎಂಜಿನ್ ಹಾಗೂ ಪ್ಯಾರಾಶೂಟ್ ಇದ್ದ ಪುಟ್ಟ ರಾಕೆಟ್ಟನ್ನು ರೂಪಿಸಿ ಅದಕ್ಕೆ ‘ರಾಕ್-ಎ-ಚೂಟ್’ ಎಂದು ಹೆಸರಿಟ್ಟರು.

1957ರ ಆರಂಭದಲ್ಲಿ ಕಾರ್ಲೈಲ್ ಪತ್ರಿಕೆಯೊಂದರಲ್ಲಿ ಜಿ. ಹ್ಯಾರಿ ಸ್ಟೈನ್ ಅವರ ಲೇಖನವೊಂದನ್ನು ಓದಿದರು. ಸ್ಟೈನ್ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ಕ್ಷೇತ್ರದಲ್ಲಿ ಎಂಜಿನಿಯರ್ ಆಗಿದ್ದವರು. ದೊಡ್ಡ ರಾಕೆಟ್ಟುಗಳ ಕೆಲಸದಲ್ಲಿ ಪಾಲಿಸುವ ಸುರಕ್ಷತೆಯ ಬಗ್ಗೆ ಬರೆದಿದ್ದರು. ಕಾರ್ಲೈಲ್ ಅವರಿಗೆ ಪತ್ರ ಬರೆದು ತಮ್ಮ ರಾಕೆಟ್ಟಿನ ಮಾದರಿಗಳನ್ನೂ ಕಳುಹಿಸಿಕೊಟ್ಟರು. ಸ್ಟೈನ್ ಅವುಗಳನ್ನು ಹಾರಿಸಿ ನೋಡಿ, ಹುಡುಗರ ಕೈಗಳನ್ನು ಉಳಿಸುವ ದಾರಿ ಇದೇ ಎಂದು ಮನಗಂಡರು. ಅದೇ ವರ್ಷ ರಾಷ್ಟ್ರೀಯ ರಾಕೆಟ್ ಹವ್ಯಾಸಿಗಳ ಸಂಘ ಅಸ್ತಿತ್ವಕ್ಕೆ ಬಂದಿತು. ಸ್ಟೈನ್ ಕೊಲರಾಡೊದ ಡೆನ್ವರ್ ನಗರದಲ್ಲಿ ಕಿಟ್ ಮಾರುವ ಕಂಪನಿಯೊಂದನ್ನೂ ಸ್ಥಾಪಿಸಿದರು. ಬೇಡಿಕೆಗೆ ತಕ್ಕಷ್ಟು ಎಂಜಿನ್‌ಗಳು ದೊರೆಯದಿದ್ದಾಗ ಅದೇ ನಗರದ ವರ್ನನ್ ಎಸ್ಟೆಸ್ ಎಂಬ ಯುವಕ ಕೆಲವೇ ಸೆಕೆಂಡುಗಳಿಗೊಂದರಂತೆ ಎಂಜಿನ್ ಒತ್ತಿ ಕೊಡುವ ಸ್ವಯಂಚಾಲಿತ ಯಂತ್ರವನ್ನು ನಿರ್ಮಿಸಿದರು. ‘ಮೇಬಲ್’ ಎಂದು ಕರೆಯಲ್ಪಟ್ಟ ಆ ಯಂತ್ರ ಈ ಹವ್ಯಾಸದ ನಿಜವಾದ ಅಡಿಗಲ್ಲು. ಪ್ರತಿ ಎಂಜಿನ್ನೂ ಇನ್ನೊಂದರಂತೆಯೇ ಉರಿಯುತ್ತದೆ ಎಂಬ ಭರವಸೆ ಬಂದ ಮೇಲಷ್ಟೇ ರಾಕೆಟ್ಟನ್ನು ಮಕ್ಕಳ ಕೈಗೆ ಕೊಡಲು ಸಾಧ್ಯವಾಯಿತು. ಎಸ್ಟೆಸ್ ಮುಂದೆ ತಮ್ಮದೇ ಕಿಟ್‌ಗಳನ್ನು ಮಾರತೊಡಗಿದರು. 1961ರಲ್ಲಿ ಅವರ ಕಂಪನಿ ಕೊಲರಾಡೊದ ಪೆನ್‌ರೋಸ್‌ಗೆ ಸ್ಥಳಾಂತರಗೊಂಡಿತು.

ಕಿಟ್‌ನಲ್ಲಿರುವ ಭಾಗಗಳು

ಜೋಡಿಸಿದ ಆಲ್ಫಾ ರಾಕೆಟ್ಟಿನ ಉದ್ದ ಸುಮಾರು 31 ಸೆಂಟಿಮೀಟರ್, ವ್ಯಾಸ ಸುಮಾರು 25 ಮಿಲಿಮೀಟರ್, ಎಂಜಿನ್ ಹೊರತುಪಡಿಸಿದ ತೂಕ ಇಪ್ಪತ್ತಮೂರು ಗ್ರಾಮಿನಷ್ಟು. ದೇಹವಾಗುವ ಕಾಗದದ ಕೊಳವೆ, ಮೂಗು, ಮೂರು ಬಾಲರೆಕ್ಕೆಗಳು, ಎಂಜಿನ್ ಕೂರುವ ಗೂಡಿನ ಭಾಗಗಳು, ಮೂಗನ್ನೂ ದೇಹವನ್ನೂ ಬಂಧಿಸುವ ರಬ್ಬರ್ ದಾರ, ತೆಳು ಪ್ಲಾಸ್ಟಿಕ್ಕಿನ ಪ್ಯಾರಾಶೂಟ್ ಹಾಗೂ ಶರಬತ್ತಿನ ಕೊಳವೆಯಂತಹ ಒಂದು ಸಣ್ಣ ನಳಿಕೆ ಕಿಟ್‌ನಲ್ಲಿರುತ್ತವೆ. ಅಂಟು, ಉಪ್ಪುಕಾಗದ, ಬಣ್ಣಗಳನ್ನು ಬೇರೆಯಾಗಿ ಒದಗಿಸಿಕೊಳ್ಳಬೇಕು. ಎಂಜಿನ್ ಕೂಡ ಸಾಮಾನ್ಯವಾಗಿ ಕಿಟ್‌ನೊಳಗೆ ಇರುವುದಿಲ್ಲ.

ದೇಹ, ಮೂಗು, ರೆಕ್ಕೆ ಯಾವುದಕ್ಕೂ ಲೋಹವನ್ನು ಬಳಸಬಾರದು ಎಂಬುದು ಸಂಘದ ಸುರಕ್ಷತಾ ಸಂಹಿತೆಯ ಮೊದಲ ನಿಯಮಗಳಲ್ಲೊಂದು. ಆಕಸ್ಮಾತ್ ಎಂಜಿನ್ ಸಿಡಿದರೂ ಕಾಗದ ಹರಿಯುತ್ತದೆಯೇ ಹೊರತು ಚೂರುಗಳಾಗಿ ಎರಚುವುದಿಲ್ಲ. ಪ್ಯಾರಾಶೂಟ್ ತೆರೆಯದೆ ಬಿದ್ದರೆ ಕಾಗದದ ಕೊಳವೆ ನೆಲಕ್ಕೆ ತಾಗಿ ಸೊಪ್ಪಾಗುತ್ತದೆ. ಹಾಳಾಗುವುದು ರಾಕೆಟ್ ಮಾತ್ರ.

ಜೋಡಣೆ

ಜೋಡಣೆಗೆ ಕೆಲವೇ ಗಂಟೆಗಳು ಸಾಕು. ಆದರೆ ಅಂಟು ಒಣಗಲು ಬಿಡುವ ತಾಳ್ಮೆಯಿದ್ದವರು ಎರಡು ದಿನ ತೆಗೆದುಕೊಳ್ಳುತ್ತಾರೆ. ಮಕ್ಕಳಿಗೆ ಕಲಿಸುವುದಾದರೆ ಕೆಲಸವನ್ನು ಎರಡು ಮೂರು ಅವಧಿಗಳಿಗೆ ಹಂಚುವುದು ಲೇಸು. ಮರಗೆಲಸದ ಬಿಳಿ ಅಥವಾ ಹಳದಿ ಅಂಟು ಇದಕ್ಕೆ ಉತ್ತಮ. ಕಾಗದದ ಎಳೆಗಳೊಳಕ್ಕೆ ಅದು ಇಳಿಯುವುದರಿಂದ ಒಣಗಿದ ಮೇಲೆ ಬೆಸುಗೆಯು ಕಾಗದಕ್ಕಿಂತಲೂ ಗಟ್ಟಿಯಾಗುತ್ತದೆ.

ಮೊದಲಿನ ಕೆಲಸ ಎಂಜಿನ್ ಗೂಡು. ಎಂಜಿನ್ನಿನ ವ್ಯಾಸ 18 ಮಿಲಿಮೀಟರ್, ದೇಹದ್ದು ಅದಕ್ಕಿಂತ ದೊಡ್ಡದು. ಆದ್ದರಿಂದ ಎಂಜಿನ್ ಹಿಡಿಯುವ ಒಳಗಿನ ಕೊಳವೆಗೆ ಎರಡು ಉಂಗುರಗಳನ್ನು ತೊಡಿಸಿ ದೇಹದ ನಟ್ಟನಡುವೆ ಕೂರಿಸಲಾಗುತ್ತದೆ. ಒಳಕೊಳವೆಯ ಮುಂತುದಿಯಲ್ಲಿ ಅಂಟಿಸುವ ದಪ್ಪ ಉಂಗುರವೇ ಎಂಜಿನ್ನಿನ ನೂಕುಬಲವನ್ನು ತಡೆದು ರಾಕೆಟ್ಟಿಗೆ ವರ್ಗಾಯಿಸುತ್ತದೆ. ಅದು ಸಡಿಲವಾದರೆ ಎಂಜಿನ್ ದೇಹದೊಳಕ್ಕೆ ನುಗ್ಗಿ ಪ್ಯಾರಾಶೂಟನ್ನೂ ಮೂಗನ್ನೂ ಹೊತ್ತುಕೊಂಡು ಹೋಗುತ್ತದೆ. ಹಿಂದಕ್ಕೆ ಜಾರದಂತೆ ಉಕ್ಕಿನ ಸಣ್ಣ ಕೊಕ್ಕೆಯೊಂದು ಹಿಡಿದುಕೊಳ್ಳುತ್ತದೆ. ಈ ಗೂಡನ್ನು ದೇಹದೊಳಗೆ ತಳ್ಳುವಾಗ ನಡುವೆ ಎಲ್ಲಿಯೂ ನಿಲ್ಲಿಸಕೂಡದು. ಅಂಟು ಸವರಿದ ಉಂಗುರ ಒಂದೆರಡು ಕ್ಷಣ ನಿಂತರೂ ಅಲ್ಲೇ ಕಚ್ಚಿಕೊಳ್ಳುತ್ತದೆ. ಅರ್ಧದಲ್ಲಿ ಕಚ್ಚಿಕೊಂಡ ಗೂಡನ್ನು ಬಿಡಿಸುವ ಉಪಾಯ ಯಾವ ಸೂಚನಾ ಹಾಳೆಯಲ್ಲೂ ಇಲ್ಲ.

ಬಾಲರೆಕ್ಕೆಗಳು ಬಾಲ್ಸಾ ಮರದವು. ಬಾಲ್ಸಾ ದಕ್ಷಿಣ ಅಮೆರಿಕದ, ಅದರಲ್ಲೂ ಈಕ್ವೆಡಾರ್‌ನ ಮರ. ಅತ್ಯಂತ ಹಗುರ, ಆದರೆ ನಾರಿನ ಗುಂಟ ಸುಲಭವಾಗಿ ಸೀಳುತ್ತದೆ. ಹೀಗಾಗಿ ಮರದ ನಾರು ರೆಕ್ಕೆಯ ಮುಂದಿನ ಅಂಚಿಗೆ ಸಮಾಂತರವಾಗಿ, ದೇಹದಿಂದ ಹೊರಮುಖವಾಗಿ ಸಾಗಬೇಕು. ನಾರು ದೇಹದ ಉದ್ದಕ್ಕೇ ಇದ್ದರೆ ಮೊದಲ ಇಳಿತದಲ್ಲೇ ರೆಕ್ಕೆ ಬುಡದಿಂದ ಮುರಿಯುತ್ತದೆ. ಕತ್ತರಿಸಿ ಕೊಟ್ಟ ರೆಕ್ಕೆಗಳಲ್ಲಿ ಈ ಚಿಂತೆಯಿಲ್ಲ; ಮುರಿದ ರೆಕ್ಕೆಗೆ ಬದಲಿ ಮಾಡಿಕೊಳ್ಳುವವರು ನೆನಪಿಡಬೇಕಾದದ್ದು ಇದು. ಮೂರನ್ನೂ ಒಟ್ಟಿಗೆ ಜೋಡಿಸಿ ಹಿಡಿದು ಉಪ್ಪುಕಾಗದದಿಂದ ಉಜ್ಜಿದರೆ ಒಂದೇ ಅಳತೆಗೆ ಬರುತ್ತವೆ. ಮುಂದಿನ ಅಂಚನ್ನು ಗುಂಡಾಗಿಸಬೇಕು. ದೇಹಕ್ಕೆ ಅಂಟುವ ಅಂಚನ್ನು ಮಾತ್ರ ಚಪ್ಪಟೆಯಾಗಿಯೇ ಬಿಡಬೇಕು.

ಕೊಳವೆಯ ಸುತ್ತ 120 ಡಿಗ್ರಿಗೊಂದರಂತೆ ಮೂರು ಗುರುತುಗಳನ್ನು ಹಾಕಿಕೊಂಡು, ಅವುಗಳಿಂದ ಉದ್ದಕ್ಕೆ ನೇರ ಗೆರೆಗಳನ್ನು ಎಳೆಯಲಾಗುತ್ತದೆ. ಗುಂಡನೆಯ ಕೊಳವೆಯ ಮೇಲೆ ನೇರ ಗೆರೆ ಎಳೆಯುವುದು ಅಂದುಕೊಂಡಷ್ಟು ಸುಲಭವಲ್ಲ. ಬಾಗಿಲಿನ ಚೌಕಟ್ಟಿನ ಮೂಲೆಗೆ ಅಥವಾ ಮೇಜಿನ ಖಾನೆಯ ಸಂದಿಗೆ ಕೊಳವೆಯನ್ನು ಒತ್ತಿಹಿಡಿದು, ಅದರ ಅಂಚನ್ನೇ ಅಳತೆಪಟ್ಟಿಯಾಗಿ ಬಳಸುವುದು ಹಳೆಯ ಯುಕ್ತಿ. ರೆಕ್ಕೆಯ ಬುಡಕ್ಕೆ ತೆಳುವಾಗಿ ಅಂಟು ಸವರಿ ಗೆರೆಗೆ ಒತ್ತಿ ತೆಗೆದು, ಒಂದು ನಿಮಿಷ ಆರಲು ಬಿಟ್ಟು, ಮತ್ತೊಮ್ಮೆ ಅಂಟು ಹಚ್ಚಿ ಕೂರಿಸಿದರೆ ಕೂಡಲೇ ಹಿಡಿಯುತ್ತದೆ. ಕೊಳವೆಯನ್ನು ಲಂಬವಾಗಿ ನಿಲ್ಲಿಸಿ, ಮೇಲಿನಿಂದ ಒಂದೇ ಕಣ್ಣಿನಲ್ಲಿ ನೋಡಿ ಮೂರೂ ರೆಕ್ಕೆಗಳ ನಡುವಿನ ಅಂತರ ಸಮವಾಗಿದೆಯೇ ಎಂದು ಪರೀಕ್ಷಿಸಬೇಕು. ಪೂರ್ತಿ ಒಣಗಿದ ನಂತರ ರೆಕ್ಕೆಯ ಬುಡದ ಎರಡೂ ಬದಿಗೆ ಅಂಟಿನ ಎಳೆಯೊಂದನ್ನು ಸುರಿದು ಬೆರಳಿನಿಂದ ಸವರಿ ತಗ್ಗಾದ ಏರಿಯಂತೆ ಮಾಡಿದರೆ ಬಲ ಹಲವು ಪಟ್ಟು ಹೆಚ್ಚುತ್ತದೆ. ಸಣ್ಣ ನಳಿಕೆಯನ್ನು ಎರಡು ರೆಕ್ಕೆಗಳ ನಡುವೆ, ದೇಹಕ್ಕೆ ಸಮಾಂತರವಾಗಿ ಅಂಟಿಸಬೇಕು. ಉಡಾವಣೆಯ ಕಂಬಿ ಇದರ ಮೂಲಕ ಹಾದುಹೋಗುತ್ತದೆ.

ರಬ್ಬರ್ ದಾರದ ಒಂದು ತುದಿಯನ್ನು ಮಡಚಿದ ಕಾಗದದ ತುಂಡಿನಲ್ಲಿ ಬಂಧಿಸಿ ದೇಹದ ಒಳಗೋಡೆಗೆ ಅಂಟಿಸಲಾಗುತ್ತದೆ. ಮೂಗಿನ ಬುಡ ಒಳಗೆ ಕೂರುವಷ್ಟು ಜಾಗವನ್ನು ಬಿಟ್ಟು ಕೆಳಗೆ ಅಂಟಿಸಬೇಕು. ಇನ್ನೊಂದು ತುದಿ ಮೂಗಿಗೆ. ಪ್ಯಾರಾಶೂಟಿನ ದಾರಗಳೂ ಅಲ್ಲಿಗೇ. ಬಣ್ಣ ಹಚ್ಚುವುದು ಅವರವರ ಇಷ್ಟ. ಹಸಿರು ಮತ್ತು ಕಂದು ಬಣ್ಣ ಬಳಿದವರು ಹುಲ್ಲಿನಲ್ಲಿ ತಮ್ಮ ರಾಕೆಟ್ಟನ್ನು ಹುಡುಕುತ್ತಾ ಸಂಜೆ ಕಳೆಯುತ್ತಾರೆ.

ಸ್ಥಿರತೆ

ದೀಪಾವಳಿಯ ರಾಕೆಟ್ಟಿನ ಕಡ್ಡಿಯನ್ನು ಮುರಿದು ಹಚ್ಚಿದರೆ ಅದು ಅಡ್ಡಾದಿಡ್ಡಿಯಾಗಿ ನುಗ್ಗುವುದನ್ನು ಹಲವರು ನೋಡಿರುತ್ತಾರೆ. ಕಡ್ಡಿಯ ಕೆಲಸವನ್ನೇ ಮಾದರಿ ರಾಕೆಟ್ಟಿನಲ್ಲಿ ಬಾಲರೆಕ್ಕೆಗಳು ಮಾಡುತ್ತವೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರು ರಾಕೆಟ್ಟುಗಳಲ್ಲಿಯೂ ಮದ್ದು ತುಂಬಿದ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರಿನ ಕೋಲನ್ನು ಬಿಗಿಯುತ್ತಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ದೊರೆತ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಇಂತಹ ಕಬ್ಬಿಣದ ಕವಚಗಳೇ. ಅವು ಆಯುಧಗಳು, ಕಬ್ಬಿಣ ಅಲ್ಲಿ ಬೇಕಾಗಿದ್ದೇ ಅದಕ್ಕಾಗಿ.

ಹಾರುವ ರಾಕೆಟ್ ಓಲಾಡಿದಾಗ ತನ್ನ ಗುರುತ್ವಕೇಂದ್ರದ ಸುತ್ತ ತಿರುಗುತ್ತದೆ. ಗಾಳಿಯ ಒತ್ತಡವೆಲ್ಲ ಒಟ್ಟಾಗಿ ವರ್ತಿಸುವ ಬಿಂದುವಿಗೆ ಒತ್ತಡಕೇಂದ್ರ ಎನ್ನುತ್ತಾರೆ. ಒತ್ತಡಕೇಂದ್ರವು ಗುರುತ್ವಕೇಂದ್ರಕ್ಕಿಂತ ಹಿಂದೆ ಇದ್ದರೆ ಗಾಳಿಯೇ ಬಾಲವನ್ನು ಮತ್ತೆ ನೇರಕ್ಕೆ ತಳ್ಳುತ್ತದೆ, ಗಾಳಿಕೋಳಿ ಗಾಳಿಗೆ ಮುಖಮಾಡುವಂತೆ. ಮುಂದೆ ಇದ್ದರೆ ಓಲಾಟ ಹೆಚ್ಚುತ್ತಾ ಹೋಗಿ ರಾಕೆಟ್ ಲಾಗ ಹಾಕುತ್ತದೆ, ನೋಡುತ್ತ ನಿಂತವರ ಕಡೆಗೂ ತಿರುಗಬಹುದು. ಇವೆರಡರ ನಡುವೆ ಕನಿಷ್ಠ ಕೊಳವೆಯ ವ್ಯಾಸದಷ್ಟು ಅಂತರವಿರಬೇಕೆಂಬುದು ರೂಢಿಯ ನಿಯಮ. ಆಲ್ಫಾ ರಾಕೆಟ್ಟಿಗೆ ಎರಡೂವರೆ ಸೆಂಟಿಮೀಟರ್.

ಕಿಟ್ ತಯಾರಿಸುವವರು ಈ ಲೆಕ್ಕವನ್ನು ಮೊದಲೇ ಮಾಡಿರುತ್ತಾರೆ. ಆದರೂ ರೆಕ್ಕೆಯನ್ನು ಚಿಕ್ಕದು ಮಾಡಿದವರು, ಬಾಲಕ್ಕೆ ವಿಪರೀತ ಅಂಟು ಮೆತ್ತಿದವರು ಪರೀಕ್ಷೆ ಮಾಡಿಯೇ ಹಾರಿಸಬೇಕು. ದೊಡ್ಡ ಎಂಜಿನ್ನಿನ ತೂಕ ರಾಕೆಟ್ಟಿನ ತೂಕಕ್ಕೆ ಹೆಚ್ಚುಕಡಿಮೆ ಸಮವಾಗಿರುವುದರಿಂದ, ಎಂಜಿನ್ ತೊಡಿಸಿದ ಕೂಡಲೇ ಗುರುತ್ವಕೇಂದ್ರ ಹಿಂದಕ್ಕೆ ಸರಿಯುತ್ತದೆ. ಖಾಲಿ ರಾಕೆಟ್ಟನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಎಂಜಿನ್ ಮತ್ತು ಪ್ಯಾರಾಶೂಟ್ ಸಮೇತ ರಾಕೆಟ್ಟನ್ನು ಸಮತೋಲವಾಗಿ ನಿಲ್ಲುವ ಬಿಂದುವಿನಲ್ಲಿ ದಾರಕ್ಕೆ ಕಟ್ಟಿ, ತಲೆಯ ಮೇಲೆ ವೃತ್ತಾಕಾರವಾಗಿ ಬೀಸಬೇಕು. ಮೂಗು ಮುಂದಾಗಿ ಸುತ್ತಿದರೆ ರಾಕೆಟ್ ಸ್ಥಿರ. ಇಲ್ಲವಾದರೆ ಮೂಗಿನೊಳಗೆ ಸ್ವಲ್ಪ ಜೇಡಿಮಣ್ಣನ್ನು ಒತ್ತಿ ತೂಕ ಹೆಚ್ಚಿಸಬೇಕು. ಒತ್ತಡಕೇಂದ್ರವನ್ನು ಲೆಕ್ಕದಿಂದಲೇ ಕಂಡುಹಿಡಿಯುವ ಸೂತ್ರಗಳನ್ನು ನಾಸಾದ ಎಂಜಿನಿಯರ್ ಜೇಮ್ಸ್ ಬ್ಯಾರೊಮನ್ 1966ರಲ್ಲಿ ಹವ್ಯಾಸಿಗಳ ಮುಂದಿಟ್ಟರು. ಅವು ಇಂದಿಗೂ ಬಳಕೆಯಲ್ಲಿವೆ.

ಎಂಜಿನ್ ಮತ್ತು ಅದರ ಸಂಕೇತ

ಎಂಜಿನ್ 70 ಮಿಲಿಮೀಟರ್ ಉದ್ದದ ಗಟ್ಟಿ ಕಾಗದದ ಕೊಳವೆ. ಹಿಂತುದಿಯಲ್ಲಿ ಜೇಡಿಮಣ್ಣಿನ ಮೂತಿ, ಅದರ ಮುಂದೆ ಒತ್ತಿ ತುಂಬಿದ ಕರಿಮದ್ದು, ಬಳಿಕ ನಿಧಾನವಾಗಿ ಉರಿಯುತ್ತಾ ಹೊಗೆ ಬಿಡುವ ಪದರ, ಕೊನೆಗೆ ಮೂಗನ್ನು ಹೊರದೂಡುವ ಸಣ್ಣ ಪ್ರಮಾಣದ ಮದ್ದು. ನಡುವಿನ ನಿಧಾನ ಪದರದಲ್ಲಿ ಈ ಸಾಧನದ ಜಾಣ್ಮೆಯೆಲ್ಲ ಅಡಗಿದೆ. ಮದ್ದು ಎರಡು ಸೆಕೆಂಡಿನೊಳಗೇ ಉರಿದು ಮುಗಿಯುತ್ತದೆ. ಆದರೆ ರಾಕೆಟ್ ತನ್ನ ವೇಗದಿಂದಲೇ ಇನ್ನೂ ಹಲವು ಸೆಕೆಂಡು ಮೇಲೇರುತ್ತಿರುತ್ತದೆ. ಅದು ಶಿಖರ ತಲುಪಿ ಕ್ಷಣಕಾಲ ನಿಂತಂತಾಗುವವರೆಗೆ ಪ್ಯಾರಾಶೂಟ್ ಕಾಯಬೇಕು.

ಎಂಜಿನ್ನಿನ ಮೇಲೆ ‘ಸಿ6-5’ ಎಂಬಂತಹ ಸಂಕೇತ ಮುದ್ರಿತವಾಗಿರುತ್ತದೆ. ಅಕ್ಷರವು ಒಟ್ಟು ಆವೇಗವನ್ನು ಸೂಚಿಸುತ್ತದೆ. ‘ಎ’ ವರ್ಗದ್ದು 2.5 ನ್ಯೂಟನ್-ಸೆಕೆಂಡ್‌ವರೆಗೆ, ‘ಬಿ’ 5ರವರೆಗೆ, ‘ಸಿ’ 10ರವರೆಗೆ. ಪ್ರತಿ ಅಕ್ಷರಕ್ಕೂ ಮೇಲ್ಮಿತಿ ಇಮ್ಮಡಿಯಾಗುತ್ತದೆ. ಮೊದಲ ಅಂಕಿ ನ್ಯೂಟನ್‌ಗಳಲ್ಲಿ ಸರಾಸರಿ ನೂಕುಬಲ. ಕೊನೆಯ ಅಂಕಿ ಕಾಯುವ ಸೆಕೆಂಡುಗಳು. ಹೊಸಬರು ಅಕ್ಷರವನ್ನಷ್ಟೇ ನೋಡಿ ಕೊಳ್ಳುತ್ತಾರೆ, ಕೊನೆಯ ಅಂಕಿಯನ್ನು ಗಮನಿಸುವುದಿಲ್ಲ. ಕಾಯುವ ಸಮಯ ಕಡಿಮೆಯಾದರೆ ಇನ್ನೂ ವೇಗವಾಗಿ ಏರುತ್ತಿರುವಾಗಲೇ ಪ್ಯಾರಾಶೂಟ್ ಹೊರಬಂದು ಹರಿಯುತ್ತದೆ. ಹೆಚ್ಚಾದರೆ ರಾಕೆಟ್ ಮೂಗು ಕೆಳಗಾಗಿ ನೆಲದತ್ತ ಧಾವಿಸುತ್ತದೆ. ಕೊನೆಯ ಅಂಕಿ ಸೊನ್ನೆಯಾಗಿದ್ದರೆ ಅದು ಬಹುಹಂತದ ರಾಕೆಟ್ಟಿನ ಕೆಳಹಂತಕ್ಕೆ ಮೀಸಲಾದ ಎಂಜಿನ್. ಆಲ್ಫಾ ರಾಕೆಟ್ಟಿಗೆ ಅದನ್ನು ತೊಡಿಸಲೇಬಾರದು. ‘ಸಿ’ ಎಂಜಿನ್ನಿನಿಂದ ಆಲ್ಫಾ 300 ಮೀಟರಿನಷ್ಟು ಎತ್ತರ ಮುಟ್ಟಬಲ್ಲದು. ಹಾಗೆಂದು ಮೊದಲ ಹಾರಾಟಕ್ಕೆ ‘ಸಿ’ ಆರಿಸಿಕೊಂಡವರಿಗೆ ಅದೇ ಕೊನೆಯ ಹಾರಾಟವೂ ಆಗುವುದುಂಟು, ಏಕೆಂದರೆ ರಾಕೆಟ್ ಕಣ್ಣಿಗೆ ಕಾಣದಷ್ಟು ದೂರ ತೇಲಿಹೋಗುತ್ತದೆ. ‘ಎ8-3’ ಆರಂಭಕ್ಕೆ ಸಾಕು.

ಉಡಾವಣೆ

ಹೊರದೂಡುವ ಮದ್ದು ಬಿಸಿ ಅನಿಲವನ್ನು ಉಗುಳುವುದರಿಂದ, ಬೆಂಕಿ ತಗುಲದಂತೆ ಸಂಸ್ಕರಿಸಿದ ತೆಳುಕಾಗದದ ನಾಲ್ಕೈದು ಹಾಳೆಗಳನ್ನು ಸಡಿಲವಾಗಿ ಉಂಡೆಮಾಡಿ ಮೊದಲು ಕೊಳವೆಗೆ ತುಂಬಬೇಕು. ಇದನ್ನು ಮರೆತರೆ ಮೇಲಿನಿಂದ ಇಳಿಯುವುದು ಕರಗಿದ ಪ್ಲಾಸ್ಟಿಕ್ಕಿನ ಮುದ್ದೆ. ಪ್ಯಾರಾಶೂಟಿಗೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ ಮಡಚಿದರೆ ಮಡಿಕೆಗಳು ಅಂಟಿಕೊಳ್ಳುವುದಿಲ್ಲ. ಉಡಾವಣೆಗೆ ಸ್ವಲ್ಪ ಮೊದಲಷ್ಟೇ ಮಡಚುವುದು ಇನ್ನೂ ಉತ್ತಮ. ಮೂಗು ಬಿಗಿಯಾಗಿರಬಾರದು, ರಾಕೆಟ್ಟನ್ನು ತಲೆಕೆಳಗು ಮಾಡಿದಾಗ ತಾನಾಗಿ ಬೀಳಲೂಬಾರದು.

ಬತ್ತಿಗೆ ಬೆಂಕಿಕಡ್ಡಿ ಗೀರುವ ಪದ್ಧತಿ ಇಲ್ಲಿ ನಿಷಿದ್ಧ. ಎಂಜಿನ್ನಿನ ಮೂತಿಯೊಳಗೆ ಸಣ್ಣ ತಂತಿಯೊಂದನ್ನು ಸೇರಿಸಿ, ದೂರದಿಂದ ಬ್ಯಾಟರಿಯ ವಿದ್ಯುತ್ ಹರಿಸಿ ಹೊತ್ತಿಸಲಾಗುತ್ತದೆ. ಸ್ವಿಚ್ಚಿಗೆ ಒಂದು ಬೀಗದಂತಹ ಕೀಲಿ ಇರುತ್ತದೆ. ರಾಕೆಟ್ಟಿನ ಬಳಿ ಹೋಗುವವರು ಆ ಕೀಲಿಯನ್ನು ತೆಗೆದು ತಮ್ಮ ಜೇಬಿನಲ್ಲಿಟ್ಟುಕೊಳ್ಳಬೇಕು, ಇನ್ನೊಬ್ಬರ ಕೈಗೆ ಕೊಡಬಾರದು. ಈ ಗಾತ್ರದ ಎಂಜಿನ್‌ಗಳಿಗೆ ಕನಿಷ್ಠ ಹದಿನೈದು ಅಡಿ ದೂರ ನಿಂತು, ಎಲ್ಲರಿಗೂ ಕೇಳುವಂತೆ ಐದರಿಂದ ಸೊನ್ನೆಯವರೆಗೆ ಎಣಿಸಿ ಗುಂಡಿ ಒತ್ತಬೇಕು. ಹೊತ್ತದಿದ್ದರೆ ಕೀಲಿ ತೆಗೆದು ಒಂದು ಪೂರ್ಣ ನಿಮಿಷ ಕಾಯಬೇಕು. ಮಕ್ಕಳಿಗೆ ಕಾಯಲಾಗದ ನಿಮಿಷ ಅದೊಂದೇ; ದೊಡ್ಡವರು ಜೊತೆಗಿರಬೇಕಾದದ್ದೂ ಮುಖ್ಯವಾಗಿ ಆ ನಿಮಿಷಕ್ಕಾಗಿ.

ಸುಮಾರು ತೊಂಬತ್ತು ಸೆಂಟಿಮೀಟರ್ ಉದ್ದದ ಕಂಬಿ ರಾಕೆಟ್ಟಿಗೆ ಆರಂಭದ ದಾರಿ ತೋರಿಸುತ್ತದೆ, ಏಕೆಂದರೆ ವೇಗ ಬರುವವರೆಗೆ ಬಾಲರೆಕ್ಕೆಗಳಿಗೆ ಬಲವಿರುವುದಿಲ್ಲ. ಬಗ್ಗಿ ಕೆಲಸ ಮಾಡುವಾಗ ಕಂಬಿಯ ತುದಿ ಕಣ್ಣಿಗೆ ಚುಚ್ಚದಂತೆ ಅದಕ್ಕೊಂದು ಟೋಪಿ ಹಾಕಿಡುವುದು ವಾಡಿಕೆ. ಲಂಬದಿಂದ 30 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಹಾರಿಸುವಂತಿಲ್ಲ. ಗಾಳಿ ಗಂಟೆಗೆ 32 ಕಿಲೋಮೀಟರ್ ಮೀರಿದರೆ ಹಾರಿಸುವಂತೆಯೇ ಇಲ್ಲ. ‘ಎ’ ಎಂಜಿನ್ನಿಗೆ ನೂರು ಅಡಿ ಅಗಲದ ಬಯಲು ಸಾಕು, ‘ಸಿ’ಗೆ ನಾನೂರು ಅಡಿ ಬೇಕು. ವಿದ್ಯುತ್ ತಂತಿಗೆ ಸಿಕ್ಕಿಕೊಂಡ ರಾಕೆಟ್ಟನ್ನು ಅಲ್ಲಿಯೇ ಬಿಡಬೇಕು.

ಎತ್ತರದ ಅಳತೆ

ಉಡಾವಣೆಯ ಸ್ಥಳದಿಂದ ತಿಳಿದಿರುವ ದೂರದಲ್ಲಿ ನಿಂತು, ಕೋನಮಾಪಕಕ್ಕೆ ದಾರ ಮತ್ತು ಕಲ್ಲು ಕಟ್ಟಿದ ಸರಳ ಉಪಕರಣದಿಂದ ಶಿಖರದ ಕೋನವನ್ನು ಅಳೆಯಬಹುದು. ದೂರವನ್ನು ಕೋನದ ಟ್ಯಾಂಜೆಂಟಿನಿಂದ ಗುಣಿಸಿದರೆ ಎತ್ತರ ದೊರೆಯುತ್ತದೆ. ನೂರು ಮೀಟರ್ ದೂರದಲ್ಲಿ ಕೋನ 45 ಡಿಗ್ರಿ ಇದ್ದರೆ ಎತ್ತರ 100 ಮೀಟರ್, 60 ಡಿಗ್ರಿ ಇದ್ದರೆ ಸುಮಾರು 173 ಮೀಟರ್. ತ್ರಿಕೋನಮಿತಿಯಿಂದ ಏನು ಉಪಯೋಗ ಎಂದು ಕೇಳುವ ಒಂಬತ್ತು-ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಕಪ್ಪುಹಲಗೆಯ ಮೇಲೆ ಸಿಗುವುದಿಲ್ಲ.

ಭಾರತದಲ್ಲಿ

1884ರ ಸ್ಫೋಟಕಗಳ ಕಾಯ್ದೆಯ ವ್ಯಾಖ್ಯಾನದಲ್ಲಿ ಕರಿಮದ್ದೂ ರಾಕೆಟ್ಟೂ ಎರಡೂ ಹೆಸರಿಸಲ್ಪಟ್ಟಿವೆ. ಆದ್ದರಿಂದ ಕರಿಮದ್ದಿನ ಎಂಜಿನ್‌ಗಳ ತಯಾರಿಕೆ, ಆಮದು, ಸಂಗ್ರಹಣೆಗಳನ್ನು ಸಾಮಾನ್ಯ ಆಟಿಕೆಗಳಂತೆ ಪರಿಗಣಿಸಲಾಗದು. ಅಮೆರಿಕದಲ್ಲಿರುವ ಬಂಧುಗಳು ಊರಿಗೆ ಬರುವಾಗ ಕಿಟ್ ತರುವುದುಂಟು. ಕೊಳವೆ, ರೆಕ್ಕೆ, ಪ್ಯಾರಾಶೂಟುಗಳಿಗೆ ತೊಂದರೆಯಿಲ್ಲ. ಎಂಜಿನ್‌ಗಳನ್ನು ಮಾತ್ರ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಕೈಚೀಲದಲ್ಲಾಗಲಿ ಸಾಮಾನಿನಲ್ಲಾಗಲಿ ಒಯ್ಯಲು ಬಿಡುವುದಿಲ್ಲ. ಎಂಜಿನ್ ಸಿಗಲಿಲ್ಲವೆಂದು ಪಟಾಕಿಯ ಮದ್ದನ್ನು ಬಿಡಿಸಿ ಕಿಟ್‌ನ ಕೊಳವೆಗೆ ತುಂಬುವುದು 1957ರ ಹುಡುಗರು ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ.

ಎಂಜಿನ್ ಇಲ್ಲದ ಕಿಟ್ಟನ್ನೂ ಜೋಡಿಸಿ, ದಾರಕ್ಕೆ ಕಟ್ಟಿ ಬೀಸಿ, ಸ್ಥಿರತೆಯ ಪಾಠವನ್ನು ಪೂರ್ಣವಾಗಿ ಕಲಿಸಬಹುದು. ಎಂಜಿನ್ನಿನ ತೂಕದಷ್ಟೇ ಮರಳು ತುಂಬಿದ ಕಾಗದದ ಕೊಳವೆಯನ್ನು ಅದರ ಜಾಗದಲ್ಲಿ ಇರಿಸಿಕೊಂಡರಾಯಿತು. ಹಾರಿಸಲೇಬೇಕೆಂದರೆ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ಮೂರನೆಯ ಒಂದು ಭಾಗ ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿ ಬಿಡುವ ನೀರಿನ ರಾಕೆಟ್ ಇದೆ. ಬಾಲರೆಕ್ಕೆಗಳ ನಿಯಮ ಅದಕ್ಕೂ ಇದೇ. ದೂರ ನಿಲ್ಲುವ ನಿಯಮವೂ ಇದೇ, ಏಕೆಂದರೆ ಗಾಳಿ ತುಂಬಿದ ಬಾಟಲಿಯೂ ಸಿಡಿಯಬಲ್ಲದು.